ಹಿರಿಯರ ಕೊನೆಯ ದಿನಗಳ ಆರೈಕೆ: ಸದ್ಭಕ್ತರು ಅರಿತಿರಬೇಕಾದ ಸಂಗತಿಗಳು

ಪೂಜ್ಯರ ದರ್ಶನಕ್ಕೆಂದು ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಮನೆಯ ಹಿರಿಯರ ಕಾಯಿಲೆಯ ಸಂಕಟವನ್ನು ನಿವೇದಿಸಿಕೊಳ್ಳುತ್ತಾರೆ. ಇನ್ನು ಮನೆಗೆ ಕರೆದೊಯ್ಯಿರಿ ಎಂದು ವೈದ್ಯರು ಹೇಳಿದ ದಿನ ಕುಟುಂಬವು ದಿಕ್ಕು ತೋಚದೆ ನಿಲ್ಲುತ್ತದೆ. ಚಿಕಿತ್ಸೆ ನಿಲ್ಲಿಸಿದರೆ ಪಾಪವೇ, ನೋವಿನ ಔಷಧ ಕೊಡಬಹುದೇ ಎಂದು ನಮ್ಮನ್ನು ಕೇಳುತ್ತಾರೆ. ಅಂತಹವರಿಗೆ ನೆರವಾಗಲೆಂದು ಈ ವಿಷಯಗಳನ್ನು ಇಲ್ಲಿ ಕ್ರೋಡೀಕರಿಸಿದ್ದೇವೆ.

ಉಪಶಾಮಕ ಆರೈಕೆ ಎಂದರೇನು?

ರೋಗವನ್ನು ಗುಣಪಡಿಸಲಾಗದಿದ್ದರೂ ರೋಗಿಯ ನೋವು, ಉಸಿರಾಟದ ತೊಂದರೆ, ಭಯ, ಒಂಟಿತನಗಳನ್ನು ತಗ್ಗಿಸುವ ಕ್ರಮವೇ ಉಪಶಾಮಕ ಆರೈಕೆ. ಇದಕ್ಕೆಂದೇ ಮೀಸಲಾದ ಆಶ್ರಯಧಾಮಗಳನ್ನು ಹಾಸ್ಪೀಸ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯು ಆಧುನಿಕ ಹಾಸ್ಪೀಸ್‌ಗಳಿಗೆ ಮಾದರಿಯಾಯಿತು. ಬೆಂಗಳೂರಿನ 'ಕರುಣಾಶ್ರಯ'ವು 1999ರಿಂದ ಕ್ಯಾನ್ಸರಿನ ಕೊನೆಯ ಹಂತದ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ.

ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ ಅಂಜಬೇಕಾಗಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಅದರಿಂದ ಮಲಬದ್ಧತೆ ಉಂಟಾಗುವುದು ಸಾಮಾನ್ಯವಾದ ಕಾರಣ ಅದಕ್ಕೂ ಔಷಧವನ್ನು ಕೇಳಿ ಪಡೆಯತಕ್ಕದ್ದು.

ಮನೆಯಲ್ಲಿ ಆರೈಕೆ

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಹಾಸಿಗೆಯನ್ನು ಒಣಗಿದ ಸ್ಥಿತಿಯಲ್ಲಿ, ಸುಕ್ಕಿಲ್ಲದಂತೆ ಇಡಬೇಕು. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಳಿಯುತ್ತದೆ. ಒತ್ತಾಯದಿಂದ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಸೇರುವ ಅಪಾಯವುಂಟು. ಒದ್ದೆ ಬಟ್ಟೆಯಿಂದ ತುಟಿ, ಬಾಯಿಗಳನ್ನು ತೇವಗೊಳಿಸುವುದೇ ಆಗ ಸಾಕಾದ ಉಪಚಾರ.

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಆದ್ದರಿಂದ ರೋಗಿಯ ಮಲಮೂತ್ರಗಳನ್ನು ಶುಚಿಗೊಳಿಸಿದ ಕೈಗೆ ಮೈಲಿಗೆಯೆಂಬುದಿಲ್ಲ. ಕೈ ತೊಳೆದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಬಹುದು. ಈ ಸೇವೆಯೂ ಕಾಯಕವೇ. ಆದರೆ ಬಹುತೇಕ ಮನೆಗಳಲ್ಲಿ ಅದು ಸೊಸೆಯೊಬ್ಬಳ ಅಥವಾ ಮಗಳೊಬ್ಬಳ ಪಾಲಿಗೇ ಬೀಳುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಗಂಡುಮಕ್ಕಳು ಹಣ ಕೊಟ್ಟ ಮಾತ್ರಕ್ಕೆ ಹೊಣೆ ತೀರಿತೆಂದು ಭಾವಿಸಬಾರದು. ರಾತ್ರಿಯ ಸರದಿಯನ್ನು ಹಂಚಿಕೊಳ್ಳಬೇಕು. ವಾರದಲ್ಲಿ ಒಂದು ದಿನವಾದರೂ ಆರೈಕೆ ಮಾಡುವವರಿಗೆ ವಿಶ್ರಾಂತಿ ದೊರೆಯುವಂತೆ ಬಂಧುಗಳೂ ನೆರೆಹೊರೆಯವರೂ ನೋಡಿಕೊಂಡರೆ ಅದು ದೊಡ್ಡ ದಾಸೋಹ.

ಕುಳಿತುಕೊಳ್ಳಲಾಗದ ಹಿರಿಯರು ಮಲಗಿದಲ್ಲಿಯೇ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನಿರೀಕ್ಷಿಸಬಹುದು. ಕೈ ನಡುಗಿದರೆ ಮನೆಯವರು ಆಸರೆ ಕೊಡಲಿ. ವಿಭೂತಿ ವೀಳ್ಯದ ರೂಢಿಯಿರುವ ಕಡೆ ಜಂಗಮರನ್ನು ಪ್ರಜ್ಞೆ ತಪ್ಪಿದ ಮೇಲೆ ಕರೆಯುವುದಕ್ಕಿಂತ, ಹಿರಿಯರು ಕಂಡು ಮಾತನಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಕರೆಯುವುದು ಲೇಸು.

ಕಾನೂನಿನ ನೆರವು

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಪ್ರಕಾರ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಲ್ಲಿ ಮರಳಿ ಪಡೆಯಲು 23ನೇ ಕಲಮಿನಲ್ಲಿ ಅವಕಾಶವಿದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567.

ಗುಣವಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಆಧಾರದಿಂದ ಜೀವ ಹಿಡಿದಿಡುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಸ್ವಸ್ಥಚಿತ್ತರಾದ ವಯಸ್ಕರು ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ಅದನ್ನು ದೃಢೀಕರಿಸಿಕೊಳ್ಳಬೇಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕೆ ಆದೇಶ ಹೊರಡಿಸಿದೆ. ಔಷಧ ಚುಚ್ಚಿ ಪ್ರಾಣ ತೆಗೆಯುವುದು ಬೇರೆ, ಅದು ಅಪರಾಧ; ಫಲವಿಲ್ಲದ ಚಿಕಿತ್ಸೆಯನ್ನು ವೈದ್ಯಮಂಡಳಿಗಳ ಒಪ್ಪಿಗೆಯಿಂದ ನಿಲ್ಲಿಸುವುದು ಬೇರೆ. ಈ ಅಂತರವನ್ನು ಅರಿಯದೆ ಮಕ್ಕಳು ತಮ್ಮನ್ನು ತಾವು ದೂಷಿಸಿಕೊಳ್ಳುವುದುಂಟು. ಹಿರಿಯರ ಇಚ್ಛೆಯನ್ನು ಅವರು ಗಟ್ಟಿಯಾಗಿರುವಾಗಲೇ ಕೇಳಿ ತಿಳಿದುಕೊಂಡರೆ ಈ ಕೊರಗು ಉಳಿಯುವುದಿಲ್ಲ.

ಶರಣರು ಮರಣವನ್ನು ಅಂಜಿಕೆಯ ಸಂಗತಿಯೆಂದು ಬಗೆಯದೆ ಲಿಂಗೈಕ್ಯವೆಂದು ಕಂಡರು. ಆ ಪಯಣಕ್ಕೆ ಹೊರಟ ಹಿರಿಯ ಜೀವವು ನೋವಿನಿಂದ ನರಳದಂತೆ, ಒಂಟಿಯಾಗದಂತೆ ನೋಡಿಕೊಳ್ಳುವುದು ಮಕ್ಕಳ ಧರ್ಮ. ಸದ್ಭಕ್ತರು ಈ ಸಂಗತಿಗಳನ್ನು ಮನೆಮಂದಿಯೊಡನೆ ಕುಳಿತು ಚರ್ಚಿಸಬೇಕೆಂದು ಕೋರುತ್ತೇವೆ.