ಹಾರನ್ನಿನ ಸದ್ದು, ಚಾಲಕನ ಒತ್ತಡ ಮತ್ತು ಕಿವುಡು ಮಗುವಿನ ಮಾತು

ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಯಾತ್ರೆ ಹಾಗೂ ಪ್ರವಾಸಕ್ಕೆ ಹೆಸರಾಗಿರುವಷ್ಟೇ ಕೈಗಾರಿಕೆಗೂ ಹೆಸರಾದ ನಗರಗಳು. ಮುಂಬೈ–ಆಗ್ರಾ ಹೆದ್ದಾರಿಯು ನಾಸಿಕದ ನಡುವೆಯೇ ಹಾದುಹೋಗುತ್ತದೆ. ಜಾಲ್ನಾ ರಸ್ತೆಯು ಸಂಭಾಜಿನಗರದ ಬೆನ್ನೆಲುಬಿನಂತಿದೆ. ಸಾತಪುರ, ಅಂಬಡ, ವಾಳುಜ್, ಚಿಕಲಠಾಣಾ ಕೈಗಾರಿಕಾ ವಸಾಹತುಗಳ ಸರಕು ವಾಹನಗಳು, ಬಸ್ಸುಗಳು, ರಿಕ್ಷಾಗಳು ಇಂತಹ ರಸ್ತೆಗಳಲ್ಲಿ ಹಗಲಿರುಳು ಓಡಾಡುತ್ತವೆ. ಚಾಲಕನ ಮಾನಸಿಕ ಒತ್ತಡ, ನಗರದ ಗದ್ದಲ, ಕಿವುಡು ಮಕ್ಕಳ ಮಾತು ಎಂಬ ಮೂರು ವಿಷಯಗಳನ್ನು ಮನಶ್ಶಾಸ್ತ್ರವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಅಭ್ಯಸಿಸುತ್ತದೆ. ಆದರೆ ಇಂತಹ ರಸ್ತೆಯ ಅಂಚಿನಲ್ಲಿರುವ ಶಾಲೆಯೊಂದರಲ್ಲಿ ಈ ಮೂರೂ ಒಂದೇ ಸರಪಳಿಯ ಕೊಂಡಿಗಳಾಗುತ್ತವೆ.

ಗದ್ದಲವು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಅದರ ಮೇಲೆ ನಮಗೆ ಹಿಡಿತವಿದೆಯೇ ಎಂಬುದು ಮನಸ್ಸಿಗೆ ಮುಖ್ಯವೆಂಬುದನ್ನು ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಅವರ ಗ್ರಂಥವು 1972ರಲ್ಲಿ ಪ್ರಕಟವಾಯಿತು. ಪ್ರಯೋಗದಲ್ಲಿ ಪಾಲ್ಗೊಂಡವರಿಗೆ ಹೊತ್ತುಗೊತ್ತಿಲ್ಲದೆ ಬರುವ ಕರ್ಕಶ ಸದ್ದನ್ನು ಕೇಳಿಸಲಾಯಿತು. ಕೆಲವರಿಗೆ ಮಾತ್ರ, ತೀರಾ ಅಸಹನೀಯವಾದರೆ ಗುಂಡಿಯೊಂದನ್ನು ಒತ್ತಿ ಸದ್ದು ನಿಲ್ಲಿಸಬಹುದೆಂದು ಹೇಳಲಾಗಿತ್ತು. ಅವರಲ್ಲಿ ಹೆಚ್ಚಿನವರು ಗುಂಡಿಯನ್ನು ಮುಟ್ಟಲೇ ಇಲ್ಲ. ಆದರೂ ಸದ್ದು ನಿಂತ ಮೇಲೆ ಕೊಟ್ಟ ಕಠಿಣ ಸಮಸ್ಯೆಗಳಲ್ಲಿ ಅವರು ಹೆಚ್ಚು ತಾಳ್ಮೆ ತೋರಿದರು, ಕರಡು ತಿದ್ದುವ ಕೆಲಸದಲ್ಲಿ ಕಡಿಮೆ ತಪ್ಪು ಮಾಡಿದರು. ಗುಂಡಿಯಿಲ್ಲದವರು ಸದ್ದು ನಿಂತ ಬಳಿಕವೂ ಅದರ ಭಾರವನ್ನು ಹೊತ್ತಿದ್ದರು.

ಚಾಲಕರ ಸ್ಥಿತಿಯೂ ಇಂತಹುದೇ. ಗ್ಯಾರಿ ಇವಾನ್ಸ್ ಮತ್ತು ಸಿಬಿಲ್ ಕ್ಯಾರೆರ್ 1991ರಲ್ಲಿ ಲಾಸ್ ಏಂಜಲೀಸ್‌ನ ಬಸ್ ಚಾಲಕರನ್ನು ಕುರಿತು ಪ್ರಕಟಿಸಿದ ಅಧ್ಯಯನವು, ವಾಹನ ದಟ್ಟಣೆ ಹೆಚ್ಚಿದಷ್ಟೂ ಅವರ ದೇಹದಲ್ಲಿ ಒತ್ತಡದ ರಾಸಾಯನಿಕಗಳು ಹೆಚ್ಚುವುದನ್ನು, ಅದಕ್ಕೆ ತಮ್ಮ ಕೆಲಸದ ಮೇಲೆ ಹಿಡಿತವಿಲ್ಲವೆಂಬ ಭಾವನೆಯು ಸೇತುವಾಗಿರುವುದನ್ನು ಗುರುತಿಸಿತು. ವೇಳಾಪಟ್ಟಿ ಅವನ ಕೈಯಲ್ಲಿಲ್ಲ, ಸಿಗ್ನಲ್ ಅವನ ಕೈಯಲ್ಲಿಲ್ಲ, ಮುಂದಿನ ಎತ್ತಿನ ಬಂಡಿಯಂತೂ ಇಲ್ಲವೇ ಇಲ್ಲ. ಕೈಯಲ್ಲಿರುವುದು ಹಾರನ್ ಒಂದೇ! ದಾರಿ ತೆರೆಯದಿದ್ದರೂ ಅದನ್ನು ಒತ್ತಿದಾಗ ಏನನ್ನೋ ಮಾಡಿದ ಸಮಾಧಾನ ದೊರೆಯುತ್ತದೆ ಎಂಬುದು ಈ ಲೇಖಕರ ಊಹೆ. ಅವನಿಗೆ ಸಿಕ್ಕ ಹಿಡಿತವೇ ರಸ್ತೆಬದಿಯವರಿಗೆ ಹಿಡಿತ ಮೀರಿದ ಗದ್ದಲವಾಗುತ್ತದೆ.

2021ರ ಅಕ್ಟೋಬರ್‌ನಲ್ಲಿ ನಾಸಿಕದ ಕಾರ್ಯಕ್ರಮವೊಂದರಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಅವರು, ಹಾರನ್ನುಗಳಿಂದ ಕೊಳಲು, ತಬಲಾ, ಪಿಟೀಲಿನಂತಹ ವಾದ್ಯಗಳ ನಾದ ಮಾತ್ರ ಹೊಮ್ಮುವಂತೆ ಕಾನೂನು ತರುವ ಆಲೋಚನೆಯನ್ನು ಪ್ರಕಟಿಸಿದ್ದರು. ಕೇಳಲು ಹಿತವಾದ ಮಾತೇ ಸರಿ. ಆದರೆ ಮೇಲಿನ ಪ್ರಯೋಗವನ್ನು ಬಲ್ಲವರಿಗೆ ಇದರಿಂದ ಪೂರ್ತಿ ಸಮಾಧಾನವಾಗದು. ಕೇಳುವವನ ಇಚ್ಛೆಯಿಲ್ಲದೆ, ಯಾವ ಕ್ಷಣದಲ್ಲೋ ಬಂದೆರಗುವ ಕೊಳಲೂ ಗದ್ದಲವೇ. ನಮ್ಮ ಕರಾವಳಿಯ ಮೆರವಣಿಗೆಗಳಲ್ಲೂ ಮನೆಮಾತಾಗಿರುವ ‘ನಾಸಿಕ್ ಬ್ಯಾಂಡ್’ ಕುಣಿಯುವವರಿಗೆ ಹಬ್ಬ, ಪಕ್ಕದ ಮನೆಯ ರೋಗಿಗೆ ಹಿಂಸೆಯಾಗುವುದೂ ಇದೇ ಕಾರಣದಿಂದ.

ಮಕ್ಕಳ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ನ್ಯೂಯಾರ್ಕ್ ನಗರದ ಶಾಲೆಯೊಂದರದು. ಶಾಲೆಯ ಒಂದು ಪಾರ್ಶ್ವದ ತರಗತಿಗಳು ಎತ್ತರದ ರೈಲುಹಳಿಗೆ ಮುಖಮಾಡಿದ್ದವು, ಇನ್ನೊಂದು ಪಾರ್ಶ್ವವು ಶಾಂತವಾಗಿತ್ತು. ಆರ್ಲೀನ್ ಬ್ರಾನ್‌ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ 1975ರಲ್ಲಿ ವರದಿ ಮಾಡಿದಂತೆ, ಹಳಿಯ ಕಡೆಯ ಮಕ್ಕಳು ಓದುವ ಸಾಮರ್ಥ್ಯದಲ್ಲಿ ಹಿಂದುಳಿದಿದ್ದರು. ಮೇಲಿನ ತರಗತಿಗೆ ಬರುವಷ್ಟರಲ್ಲಿ ಈ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಹಳಿಗೆ ರಬ್ಬರ್ ಮೆತ್ತೆ, ಕೊಠಡಿಗಳಿಗೆ ಸದ್ದು ಹೀರುವ ಚಾವಣಿ ಅಳವಡಿಸಿದ ಬಳಿಕ, 1981ರ ವರದಿಯ ವೇಳೆಗೆ ಆ ಅಂತರ ಮಾಯವಾಗಿತ್ತು. ಇವರು ಸಹಜ ಶ್ರವಣವುಳ್ಳ ಮಕ್ಕಳೆಂಬುದನ್ನು ಗಮನಿಸಬೇಕು.

ಶ್ರವಣದೋಷವುಳ್ಳ ಮಗುವಿನ ಪಾಡು ಇನ್ನೂ ಬಿಗಿಯಾದುದು. ಕನ್ನಡಕವು ದೃಷ್ಟಿಯನ್ನು ಸರಿಪಡಿಸುವಂತೆ ಶ್ರವಣಸಾಧನವು ಕಿವಿಯನ್ನು ಸರಿಪಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ನಿಜವಲ್ಲ. ಸಾಧನವು ಮಾತಿನೊಂದಿಗೆ ಗದ್ದಲವನ್ನೂ ಹಿಗ್ಗಿಸುತ್ತದೆ. ಇಂತಹ ಮಗುವಿಗೆ ಶಿಕ್ಷಕಿಯ ಧ್ವನಿಯು ಹಿನ್ನೆಲೆಯ ಸದ್ದಿಗಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂದು ಶ್ರವಣತಜ್ಞರು ಹೇಳುತ್ತಾರೆ. ಒಂದು ಮೀಟರ್ ದೂರದಲ್ಲಿ 65 ಡೆಸಿಬೆಲ್ ಇರುವ ಧ್ವನಿಯು ಬಯಲಿನಲ್ಲಿ ನಾಲ್ಕು ಮೀಟರ್ ದೂರಕ್ಕೆ 53ಕ್ಕೆ ಇಳಿಯುತ್ತದೆ. ಕೊಠಡಿಯಲ್ಲಿ ಗೋಡೆಗಳ ಪ್ರತಿಫಲನದಿಂದ ಇಳಿಕೆ ಸ್ವಲ್ಪ ಕಡಿಮೆಯಾದರೂ, ಆ ಪ್ರತಿಧ್ವನಿಯೇ ಅಕ್ಷರಗಳನ್ನು ಮಸುಕುಗೊಳಿಸುತ್ತದೆ. ತೆರೆದ ಕಿಟಕಿಯಿಂದ 60 ಡೆಸಿಬೆಲ್ ರಸ್ತೆಯ ಸದ್ದು ನುಗ್ಗಿದರೆ ಹಿಂದಿನ ಬೆಂಚಿನ ಮಗುವಿಗೆ ದಕ್ಕುವುದೇನು? ತುಟಿ ನೋಡಿ ತಿಳಿಯೋಣವೆಂದರೆ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೂಪದವು. ಕ, ಗ ಕಾಣುವುದೇ ಇಲ್ಲ.

ಕೇಳದ ಧ್ವನಿಯನ್ನು ಆಡುವುದು ಕಷ್ಟ. ಕೇಳುವ ಶಿಶುಗಳು ಸಾಮಾನ್ಯವಾಗಿ 10 ತಿಂಗಳೊಳಗೆ ‘ಬಬಬ’, ‘ದದದ’ ಎಂದು ಸ್ಪಷ್ಟ ಅಕ್ಷರಗಳಲ್ಲಿ ತೊದಲುತ್ತವೆ. ಓಲರ್ ಮತ್ತು ಐಲರ್ಸ್ 1988ರಲ್ಲಿ ತೋರಿಸಿದಂತೆ ಕಿವುಡು ಶಿಶುಗಳಲ್ಲಿ ಈ ಹಂತ ಗಣನೀಯವಾಗಿ ತಡವಾಗುತ್ತದೆ. ಆದ್ದರಿಂದಲೇ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಸೂತ್ರ ರೂಢಿಯಲ್ಲಿದೆ. ಮಲಗಿದ ಶಿಶುವಿನ ಕಿವಿಗೆ ಸಣ್ಣ ಬಿರಡೆಯಂತಹ ಸಾಧನವಿಟ್ಟು ಮಾಡುವ ಮೊದಲ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. 2013ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡು ಸೇರಿದೆ. ‘ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು’ ಎಂದು ಎರಡು ಮೂರು ವರ್ಷ ಕಾಯುವ ಹಿರಿಯರ ಸಮಾಧಾನ ಇಲ್ಲಿ ದುಬಾರಿಯಾಗಿ ಪರಿಣಮಿಸುತ್ತದೆ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯೂ ಇದೆ: ಮಗುವಿಗೆ ಯಾವ ಭಾಷೆ? ಶಾಲೆ ಮರಾಠಿಯದು, ನೆರೆಹೊರೆ ಹಿಂದಿಯದು, ಆದುದರಿಂದ ಮನೆಯಲ್ಲಿ ಕನ್ನಡ ಬಿಟ್ಟುಬಿಡಿ ಎಂಬ ಸಲಹೆ ಅನೇಕ ತಂದೆತಾಯಂದಿರ ಕಿವಿಗೆ ಬೀಳುತ್ತದೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲ. ಶ್ರವಣಸಾಧನ ಮತ್ತು ಕಾಕ್ಲಿಯರ್ ಇಂಪ್ಲಾಂಟ್ ಬಳಸುವ, ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಕುರಿತು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಮಾತಿಗೂ ತರಬೇತಿ ದೊರೆತ ಮಕ್ಕಳೇ ಮುಂದಿದ್ದರು. ಅಧ್ಯಯನ ಸಣ್ಣದು, ಆದರೆ ಅದರ ತರ್ಕ ಸರಳವಾಗಿದೆ. ತಾಯಿಯು ದಿನವಿಡೀ ತಡವರಿಸದೆ ಆಡಬಲ್ಲ ಭಾಷೆಯೇ ಮಗುವಿಗೆ ಅತಿ ಹೆಚ್ಚು ಕೇಳಸಿಗುವ ಭಾಷೆ. ಕನ್ನಡದಲ್ಲಿ ಒಂದು ಅನುಕೂಲವೂ ಉಂಟು. ಮನೆ, ಹಾಲು, ಬಾಗಿಲು ಎಂದು ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ, ಸ್ವರಗಳು ವ್ಯಂಜನಗಳಿಗಿಂತ ಬಲವಾದ ಧ್ವನಿಗಳು. ಇಂಗ್ಲಿಷಿನ ಬಹುವಚನವು ಕಿವುಡು ಮಗುವಿಗೆ ಸುಲಭವಾಗಿ ತಪ್ಪಿಹೋಗುವ ‘ಸ್’ಕಾರದಲ್ಲಿ ಅಡಗಿದ್ದರೆ, ನಮ್ಮ ‘ಗಳು’ ಎರಡು ಪೂರ್ಣ ಅಕ್ಷರಗಳು. ಸನ್ನೆಭಾಷೆಯನ್ನು ಆಯ್ದುಕೊಳ್ಳುವ ಕುಟುಂಬಗಳೂ ಇವೆ, ಅದೂ ಪೂರ್ಣಪ್ರಮಾಣದ ಭಾಷೆಯೇ.

1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಕನ್ನಡ ಧ್ವನಿಗಳಿಗೆಂದೇ ರೂಪಿಸಿದ ಉಚ್ಚಾರಣಾ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಅಲ್ಲಿನ ಶಿಶುವಿಹಾರದಲ್ಲಿ ತಾಯಂದಿರೂ ತರಬೇತಿಯ ಪಾಲುದಾರರು. ಮಹಾರಾಷ್ಟ್ರದಲ್ಲಿ ನೆಲೆಸಿದವರಿಗೆ ಮುಂಬೈಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಹತ್ತಿರವಾಗುತ್ತದೆ.

ಇನ್ನು ಕಾನೂನಿನ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ಮೌನವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯ ಮಿತಿ 40. 2010ರ ತಿದ್ದುಪಡಿಯು ತುರ್ತು ಸಂದರ್ಭದ ಹೊರತು ಮೌನವಲಯದಲ್ಲಿ ಹಾರನ್ ನಿಷೇಧಿಸಿದೆ. ಫಲಕಗಳೇನೋ ಇವೆ, ಅದರ ಕೆಳಗೇ ಹಾರನ್ನುಗಳೂ ಮೊಳಗುತ್ತವೆ. ಅಲ್ಲಿಯವರೆಗೆ ಶಾಲೆಗಳ ಕೈಯಲ್ಲಿರುವ ಕೆಲಸಗಳು ಕೆಲವಿವೆ. ಸಾಧನ ಧರಿಸಿದ ಮಗುವನ್ನು ರಸ್ತೆಯ ಕಿಟಕಿಯಿಂದ ದೂರ, ಶಿಕ್ಷಕಿಯ ಮುಖ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿಸುವುದು, ದಪ್ಪ ಪರದೆ ಕಟ್ಟುವುದು, ಮಕ್ಕಳ ಕೊಠಡಿಯನ್ನು ಹಿಂಬದಿಗೆ ಸಾಗಿಸಿ ರಸ್ತೆಯ ಕಡೆಯ ಕೊಠಡಿಯನ್ನು ಕಚೇರಿಗೆ ಬಿಟ್ಟುಕೊಡುವುದು. ಶಿಕ್ಷಕಿಯ ಕೊರಳಿನ ಮೈಕಿನಿಂದ ನೇರವಾಗಿ ಮಗುವಿನ ಸಾಧನಕ್ಕೆ ಧ್ವನಿ ತಲುಪಿಸುವ ಎಫ್‌ಎಂ ವ್ಯವಸ್ಥೆಗೆ ಹಣ ಬೇಕು. ಉಳಿದವಕ್ಕೆ ಒಂದು ಮಧ್ಯಾಹ್ನದ ಶ್ರಮ ಸಾಕು.