ಈರಿ ಸರೋವರದ ನೀರುಹಾವುಗಳ ಶೀತನಿದ್ರೆಯೂ ನೀರಿನ ಏರಿಳಿತವೂ

ಉತ್ತರ ಅಮೆರಿಕದ ಈರಿ ಸರೋವರದ ಪಶ್ಚಿಮ ದ್ವೀಪಗಳ ನೀರುಹಾವನ್ನು ಕಾನಂಟ್ ಮತ್ತು ಕ್ಲೇ ಅವರು 1937ರಲ್ಲಿ ಪ್ರತ್ಯೇಕ ಉಪಜಾತಿಯೆಂದು ವರ್ಣಿಸಿದುದೂ, ಅದರ ಮೈಪಟ್ಟೆಗಳನ್ನು ಕುರಿತು 1958ರಲ್ಲಿ ಕ್ಯಾಮಿನ್ ಮತ್ತು ಎರ್ಲಿಕ್ ಅವರು ನಡೆಸಿದ ವಿವೇಚನೆಯೂ, 1999ರಲ್ಲಿ ಅಮೆರಿಕದ ಸರ್ಕಾರವು ಅದನ್ನು ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿ 2011ರಲ್ಲಿ ತೆಗೆದುಹಾಕಿದುದೂ ಸುವಿದಿತ. ಅದು ದಡದ ಸಮೀಪದ ಸುಣ್ಣಕಲ್ಲಿನ ಬಿರುಕುಗಳಲ್ಲಿಯೂ ಬೇರುಗಳ ಅಡಿಯ ಪೊಳ್ಳುಗಳಲ್ಲಿಯೂ ಚಳಿಗಾಲವನ್ನು ಕಳೆಯುವುದೆಂಬುದರಲ್ಲಿ ವಿವಾದವಿಲ್ಲ.

ಆದರೆ ಬಿಲಕ್ಕೆ ನೀರು ನುಗ್ಗಿದೊಡನೆ ನಿಶ್ಚೇಷ್ಟವಾದ ಹಾವು ಉಸಿರುಗಟ್ಟಿ ಸಾಯುವುದೆಂದೂ, ಆದುದರಿಂದ ಒಣಗಿದ ಬಿಲವೇ ಶ್ರೇಷ್ಠವೆಂದೂ ಹೇಳುವ ಮತವನ್ನು ನಾನು ಒಪ್ಪಲಾರೆ. ಕಾಸ್ಟಾಂಜೋ ಅವರು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಣ್ಣೀರಿನಲ್ಲಿ ಮುಳುಗಿದ್ದ ಗಾರ್ಟರ್ ಹಾವುಗಳು ಬದುಕುಳಿದುದಲ್ಲದೆ ದೇಹದ ಶಕ್ತಿಸಂಚಯವನ್ನೂ ಮಿತವಾಗಿ ವ್ಯಯಿಸಿದುವು. ಇದು ಅಸಂಗತವಲ್ಲ. ಶೈತ್ಯದಲ್ಲಿ ಹಾವಿನ ಪ್ರಾಣವಾಯುವಿನ ಅವಶ್ಯಕತೆ ಅತ್ಯಲ್ಪವಾಗುವುದು. ಅದೇ ವೇಳೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಮ್ ಆಮ್ಲಜನಕವನ್ನು ಧರಿಸಬಲ್ಲ ಸಿಹಿನೀರು 4 ಡಿಗ್ರಿಯಲ್ಲಿ ಸುಮಾರು 13 ಮಿಲಿಗ್ರಾಮ್‌ನಷ್ಟನ್ನು ಧರಿಸಬಲ್ಲುದು. ಅಷ್ಟು ಕಡಿಮೆ ಅವಶ್ಯಕತೆಯನ್ನು ಚರ್ಮದ ಮೂಲಕವೇ ಪೂರೈಸಿಕೊಳ್ಳಬಹುದು. ಇದಲ್ಲದೆ ಹೆಪ್ಪುಗಟ್ಟದ ನೀರಿರುವೆಡೆ ಹಾವಿನ ಮೈಯೂ ಹೆಪ್ಪುಗಟ್ಟದು.

ಈ ಆಧಾರಗಳಿಂದ ನಾನು ಊಹಿಸುವುದಿಷ್ಟು: ಈರಿಯ ಹಾವಿಗೆ ನೀರು ಏರುವುದಕ್ಕಿಂತ ನಡುಚಳಿಯಲ್ಲಿ ಹಠಾತ್ತನೆ ಇಳಿಯುವುದೇ ಹೆಚ್ಚು ಮಾರಕವಾಗಿರಬಹುದು. ಸರೋವರದ ಆಳವಿಲ್ಲದ ಪಶ್ಚಿಮ ಭಾಗದಲ್ಲಿ ನೈರುತ್ಯದ ಬಿರುಗಾಳಿಯು ನೀರನ್ನು ಪೂರ್ವದ ತುದಿಗೆ ತಳ್ಳಿ ಕೆಲವೇ ಗಂಟೆಗಳಲ್ಲಿ ಮಟ್ಟವನ್ನು ತಗ್ಗಿಸುವುದುಂಟು; ಆಗ ಸರೋವರದೊಡನೆ ಸಂಪರ್ಕವುಳ್ಳ ಬಿರುಕೂ ಬರಿದಾದರೆ, ಜಡವಾದ ಹಾವು ಹಿಮಗಾಳಿಗೆ ಒಡ್ಡಿಕೊಂಡು ಉಳಿಯುವುದು. ಆದರೂ ಈ ಊಹೆಗೆ ಮಿತಿಗಳಿವೆ. ಗಾರ್ಟರ್ ಹಾವು ಇದಕ್ಕೆ ಹತ್ತಿರದ ಬಂಧುವೇ ಹೊರತು ಇದೇ ಅಲ್ಲ. ಪ್ರಯೋಗಶಾಲೆಯ ನೀರು ಬಿರುಕಿನ ನೀರಿಗೆ ಸಮನಾಗದಿರಬಹುದು. ಕೊಳೆತ ಎಲೆಗಳು ಆಮ್ಲಜನಕವನ್ನು ಹೀರಿಬಿಟ್ಟ ನಿಂತ ನೀರಿನಲ್ಲಿ ಹಳೆಯ ಮತವೇ ನಿಜವಾದೀತು. ಸರೋವರದ ಮೇಲಣ ಹಿಮದ ಹೊದಿಕೆಯು ಗಾಳಿಯ ಪ್ರಭಾವವನ್ನು ತಗ್ಗಿಸುವುದೂ ಸಂಭವ.

ಚಳಿಗಾಲವಿಡೀ ಬಿರುಕುಗಳೊಳಗಿನ ನೀರಿನ ಮಟ್ಟವನ್ನೂ ಆಮ್ಲಜನಕವನ್ನೂ ಒಟ್ಟಿಗೆ ಅಳೆದಲ್ಲದೆ ಈ ಪ್ರಶ್ನೆ ತೀರದು. ಅಲ್ಲಿಯವರೆಗೆ, ನೀರು ನಿಲ್ಲುವುದೆಂಬ ಒಂದೇ ಕಾರಣಕ್ಕೆ ದಡದ ಬಿರುಕುಗಳನ್ನು ನಿರುಪಯೋಗಿಗಳೆಂದೆಣಿಸಿ ಗಾರೆಯಿಂದ ಮುಚ್ಚಬಾರದೆಂದು ದ್ವೀಪಗಳ ದಡ ಕಟ್ಟುವವರಲ್ಲಿ ನನ್ನ ವಿನಂತಿ.