ಹೊರೆ ಯಾರದು, ಲಾಭ ಯಾರಿಗೆ? ಲಿನಕ್ಸ್ ವಿತರಣೆಗಳ ಸಮಾನ ಮಾನಕಗಳ ಒಂದು ಪರಿಶೀಲನೆ

1990ರ ದಶಕದ ಕೊನೆಯಲ್ಲಿ ಲಿನಕ್ಸ್‌ಗೆಂದು ತಂತ್ರಾಂಶ ಮಾರಲು ಹೊರಟವರಿಗೆ ‘ಯಾವ ಲಿನಕ್ಸ್‌ಗೆ?’ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತಿತ್ತು. ರೆಡ್ ಹ್ಯಾಟ್, ಡೆಬಿಯನ್, ಸುಸೆ, ಕಾಲ್ಡೆರಾಗಳ ಕರ್ನೆಲ್ ಒಂದೇ ಆದರೂ ಸಿ ಲೈಬ್ರರಿಯ ಆವೃತ್ತಿ, ಕಡತಗಳ ನೆಲೆ, ಪ್ಯಾಕೇಜಿನ ಸ್ವರೂಪ ಒಂದೊಂದರಲ್ಲಿ ಒಂದೊಂದು ಬಗೆ. ಹಳೆಯ ಲಿಬ್‌ಸಿ5 ಬಿಟ್ಟು ಜಿಲಿಬ್‌ಸಿಗೆ ರೆಡ್ ಹ್ಯಾಟ್ ಬಂದದ್ದು 1997ರ ಕೊನೆಗೆ, ಡೆಬಿಯನ್ ಬಂದದ್ದು 1998ರಲ್ಲಿ. ಆ ನಡುವೆ ಒಂದರಲ್ಲಿ ಸಿದ್ಧವಾದ ಬೈನರಿ ಇನ್ನೊಂದರಲ್ಲಿ ಓಡುವ ಭರವಸೆ ಇರಲಿಲ್ಲ.

ಯುನಿಕ್ಸ್ ಕಂಪನಿಗಳು 1980ರ ದಶಕದಲ್ಲಿ ಹೀಗೆಯೇ ಚದುರಿಹೋದದ್ದು ಎಲ್ಲರ ನೆನಪಿನಲ್ಲಿತ್ತು. 1988ರ ಪೋಸಿಕ್ಸ್ ಮಾನಕ ಕಾಪಾಡಿದ್ದು ಮೂಲಸಂಕೇತದ ಮಟ್ಟದ ಹೊಂದಾಣಿಕೆಯನ್ನು ಮಾತ್ರ. ಮೂಲಸಂಕೇತವನ್ನು ಬಿಟ್ಟುಕೊಡದ ಮಾರಾಟಗಾರರಿಗೆ ಅದು ಸಾಲದು. 1998ರಲ್ಲಿ ಶುರುವಾಗಿ 2001ರಲ್ಲಿ ಮೊದಲ ಆವೃತ್ತಿ ಕಂಡ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್, ಅಂದರೆ ಎಲ್‌ಎಸ್‌ಬಿ, ಬೈನರಿಯ ಮಟ್ಟಕ್ಕೇ ಇಳಿಯಿತು. ಯಾವ ಲೈಬ್ರರಿಗಳು ಇರಬೇಕು, ಅವುಗಳಲ್ಲಿ ಯಾವ ಫಂಕ್ಷನ್‌ಗಳು ಸಿಗಬೇಕು ಎಂದು ಅದು ಪಟ್ಟಿ ಮಾಡಿತು. ಪ್ಯಾಕೇಜಿಗೆ ಆರ್‌ಪಿಎಂ ಸ್ವರೂಪವನ್ನು ಗೊತ್ತುಮಾಡಿದ್ದರಿಂದ ಡೆಬಿಯನ್ ‘ಏಲಿಯನ್’ ಎಂಬ ಪರಿವರ್ತಕದ ಮೊರೆ ಹೋಗಬೇಕಾಯಿತು. 2006ರಲ್ಲಿ ಇದಕ್ಕೆ ಐಎಸ್‌ಒ/ಐಇಸಿ 23360 ಎಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು.

ಆದರೂ ಎಲ್‌ಎಸ್‌ಬಿ ನೆಲೆಗೊಳ್ಳಲಿಲ್ಲ. ತಾಂತ್ರಿಕ ಕೊರತೆಗಿಂತ ಹೊರೆ ಮತ್ತು ಲಾಭದ ಹಂಚಿಕೆಯೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ವಾದ. ಪರೀಕ್ಷೆ, ಪ್ರಮಾಣೀಕರಣ, ಹಳೆಯ ಲೈಬ್ರರಿಗಳ ಪಾಲನೆ ವಿತರಣೆಗಳ ಹೆಗಲಿಗೆ ಬಿದ್ದವು. ಲಾಭ ಸಲ್ಲಬೇಕಿದ್ದದ್ದು ಹೊರಗಿನ ತಂತ್ರಾಂಶ ಕಂಪನಿಗಳಿಗೆ. ಆ ಕಂಪನಿಗಳಿಗೋ ಮಾನಕದ ಮುದ್ರೆಗಿಂತ ರೆಡ್ ಹ್ಯಾಟ್ ಅಥವಾ ಸುಸೆಯ ನಿರ್ದಿಷ್ಟ ಆವೃತ್ತಿಯಲ್ಲಿ ಪರೀಕ್ಷಿಸಿ ಬೆಂಬಲ ಕೊಡುವುದೇ ಸುಲಭವೆನಿಸಿತು. ಗ್ರಾಹಕರು ಕೇಳುತ್ತಿದ್ದದ್ದೂ ಅದನ್ನೇ. 2015ರಲ್ಲಿ ಎಲ್‌ಎಸ್‌ಬಿ ಬೆಂಬಲವನ್ನು ಬಹುಮಟ್ಟಿಗೆ ಕೈಬಿಡುವಾಗ ಡೆಬಿಯನ್‌ನ ನಿರ್ವಾಹಕರು ಎತ್ತಿ ತೋರಿಸಿದ ಲೆಕ್ಕ ಹೀಗಿತ್ತು: ಪ್ರಮಾಣಿತ ಆನ್ವಯಿಕಗಳು ಎಂಟು, ಅವನ್ನು ತಯಾರಿಸಿದ ಕಂಪನಿಗಳು ಆರು. ಅದೇ ವರ್ಷ ಹೊರಬಂದ 5.0 ಆವೃತ್ತಿಯ ಬಳಿಕ ಹೊಸ ಆವೃತ್ತಿ ಬಂದಿಲ್ಲ.

ಪೈಪೋಟಿಗಾರರೇ ಸೇರಿ ಒಂದೇ ಬುಡ ಕಟ್ಟುವ ಪ್ರಯೋಗವೂ ನಡೆದಿತ್ತು. ಸುಸೆ, ಕಾಲ್ಡೆರಾ, ಟರ್ಬೋಲಿನಕ್ಸ್, ಕೊನೆಕ್ಟಿವಾ 2002ರಲ್ಲಿ ರಚಿಸಿದ ಯುನೈಟೆಡ್‌ಲಿನಕ್ಸ್ ಅದು. ಕಾಲ್ಡೆರಾ ಎಸ್‌ಸಿಒ ಎಂದು ಹೆಸರು ಬದಲಿಸಿಕೊಂಡು 2003ರಲ್ಲಿ ಲಿನಕ್ಸ್ ವಿಷಯದಲ್ಲೇ ಐಬಿಎಂ ವಿರುದ್ಧ ದಾವೆ ಹೂಡಿದ ಮೇಲೆ ಆ ಕೂಟ ಉಳಿಯಲಿಲ್ಲ.

ಹಾಗಾದರೆ ಉಳಿದದ್ದು ಯಾವುದು? ಕಡತಗಳ ನೆಲೆಯನ್ನು ಹೇಳುವ, 1994ರಲ್ಲಿ ಮೊದಲು ರೂಪ ಪಡೆದ ಎಫ್‌ಎಚ್‌ಎಸ್ ಉಳಿದಿದೆ. ಮೆನು, ಐಕಾನ್, ಕ್ಲಿಪ್‌ಬೋರ್ಡ್‌ಗಳ ವಿಷಯದಲ್ಲಿ ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪ್‌ಗಳನ್ನು ಒಂದೇ ಮಾತಿಗೆ ತಂದ, 2000ದಲ್ಲಿ ಹುಟ್ಟಿದ ಫ್ರೀಡೆಸ್ಕ್‌ಟಾಪ್ ಒಪ್ಪಂದಗಳು ಉಳಿದಿವೆ. ಇವುಗಳನ್ನು ಪಾಲಿಸಿದರೆ ವಿತರಣೆಗಳದೇ ಕೆಲಸ ಹಗುರವಾಗುತ್ತದೆ. ಪ್ರಮಾಣಪತ್ರದ ಗೊಡವೆ ಬೇಕಿಲ್ಲ. ಎಷ್ಟೋ ಕಡೆ ಬರಹದ ಮಾನಕಕ್ಕಿಂತ ಹಂಚಿಕೊಂಡ ಸಂಕೇತವೇ ಗಟ್ಟಿಯಾಗಿ ನಿಂತಿದೆ. ಕನ್ನಡದ ಒತ್ತಕ್ಷರಗಳು ಫೆಡೋರಾದಲ್ಲೂ ಉಬುಂಟುವಿನಲ್ಲೂ ಒಂದೇ ರೀತಿ ಜೋಡಣೆಯಾಗುವುದು ಎರಡೂ ಹಾರ್ಫ್‌ಬಝ್ ಎಂಬ ಒಂದೇ ಲೈಬ್ರರಿಯನ್ನು ನೆಚ್ಚಿರುವುದರಿಂದ. ನಮ್ಮ ಲಿಪಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಪೈಥಾನ್ ಸಮುದಾಯ 2016ರಲ್ಲಿ ತನ್ನ ಬೈನರಿ ಪ್ಯಾಕೇಜುಗಳಿಗೆಂದು ತಂದ ‘ಮೆನಿಲಿನಕ್ಸ್’ ಮಾನಕ ಇನ್ನೂ ನೇರವಾದ ದಾರಿ ಹಿಡಿಯಿತು. ಅದು ವಿತರಣೆಗಳಿಂದ ಏನನ್ನೂ ಕೇಳಲಿಲ್ಲ. ಹೊಸ ಜಿಲಿಬ್‌ಸಿ ತನ್ನ ಹಳೆಯ ಫಂಕ್ಷನ್‌ಗಳನ್ನು ಆವೃತ್ತಿಯ ಗುರುತಿನೊಡನೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಹಳೆಯದಾದ ಸೆಂಟ್‌ಒಎಸ್ 5ರಲ್ಲಿ ಕಂಪೈಲ್ ಮಾಡಿದ ಬೈನರಿ ಅದಕ್ಕಿಂತ ಹೊಸದಾದ ಬಹುತೇಕ ವಿತರಣೆಗಳಲ್ಲಿ ಓಡುತ್ತದೆ. ಜಿಲಿಬ್‌ಸಿಯನ್ನೇ ಬಳಸದ ಆಲ್ಪೈನ್‌ನಂಥ ವಿತರಣೆಗಳು ಮಾತ್ರ ಇದರ ಹೊರಗೆ ಉಳಿದವು.

ಕಂಟೇನರ್ ಮತ್ತು ಫ್ಲ್ಯಾಟ್‌ಪ್ಯಾಕ್‌ಗಳು ಬಂದಮೇಲೆ ಮಾನಕದ ಅಗತ್ಯವೇ ತೀರಿತೆಂಬ ಮಾತಿದೆ. ಇದನ್ನು ನಾನು ಒಪ್ಪಲಾರೆ. ಲೈಬ್ರರಿಗಳನ್ನು ಜೊತೆಗೇ ಹೊತ್ತು ತರುವ ಆನ್ವಯಿಕಕ್ಕೂ ಕರ್ನೆಲ್‌ನ ಸಿಸ್ಟಂ ಕಾಲ್‌ಗಳು ಬದಲಾಗದಿರಬೇಕು, ಕಂಟೇನರಿನ ಸ್ವರೂಪವನ್ನೂ 2015ರಲ್ಲಿ ಹುಟ್ಟಿದ ಒಸಿಐ ಕೂಟ ನಿಗದಿಪಡಿಸಬೇಕಾಯಿತು. ಫ್ಲ್ಯಾಟ್‌ಪ್ಯಾಕ್ ಆನ್ವಯಿಕಗಳು ನಿಂತಿರುವುದು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕಾಣುವ ಸಮಾನ ರನ್‌ಟೈಮ್‌ನ ಮೇಲೆ. ಎಲ್‌ಎಸ್‌ಬಿ ಕಾಗದದಲ್ಲಿ ಬರೆದಿಟ್ಟ ಲೈಬ್ರರಿಗಳ ಪಟ್ಟಿಯಂಥದ್ದೇ ಅಲ್ಲಿ ಇಳಿಸಿಕೊಂಡು ಓಡಿಸಬಹುದಾದ ರೂಪ ತಾಳಿದೆ. ಅದರ ಭದ್ರತಾ ತಿದ್ದುಪಡಿಗಳ ಹೊರೆಯನ್ನು ಹೊರುವವರು ಈಗ ವಿತರಣೆಗಳವರಲ್ಲ, ಆ ರನ್‌ಟೈಮ್ ಕಟ್ಟುವವರು.